ಮೀನಿನ ಕೊಳವೂ ನೀರಿನ ಗುಣವೂ

ಮನೆಯ ಹಿತ್ತಿಲಲ್ಲಾಗಲಿ, ಶಾಲೆಯ ಹಿಂಬದಿಯ ತೆರಪಿನಲ್ಲಾಗಲಿ ಒಂದು ಸಣ್ಣ ಕೊಳವನ್ನು ಕಟ್ಟಿ, ನಾಲ್ಕಾರು ಮೀನುಗಳನ್ನು ಬಿಟ್ಟು ಸಾಕುವುದು ಅನೇಕರಿಗೆ ಪ್ರಿಯವಾದ ಹವ್ಯಾಸ. ಮುಂಬಯಿಯಂಥ ನಗರದಲ್ಲಿ ಹಿತ್ತಿಲೆಂಬುದು ಅಪರೂಪವೇ ಸರಿ. ಆದರೂ ಚಾಳಿನ ಅಂಗಳದ ಮೂಲೆಯಲ್ಲಿಯೋ, ಶಾಲೆಯ ಹೂದೋಟದ ಬದಿಯಲ್ಲಿಯೋ ಸಿಮೆಂಟಿನ ತೊಟ್ಟಿಯೊಂದಕ್ಕೆ ಸ್ಥಳ ದೊರೆಯದೆ ಇರದು. ಅದರಲ್ಲಿ ಚಿನ್ನದ ಮೀನುಗಳು ಸುಳಿದಾಡಿದರೆ ಕಣ್ಣಿಗೆ ತಂಪು. ಗಪ್ಪಿ ಮೀನುಗಳಿದ್ದರೆ ಅವು ಸೊಳ್ಳೆಯ ಮರಿಗಳನ್ನು ತಿಂದುಹಾಕುವುದರಿಂದ ನೆರೆಹೊರೆಯವರಿಗೂ ಉಪಕಾರ.

ಆದರೆ ಈ ಹವ್ಯಾಸವನ್ನು ಕೈಕೊಂಡವರಲ್ಲಿ ಹಲವರು ಒಂದು ದಿನ ಬೆಳಿಗ್ಗೆ ಕೊಳದ ಬಳಿಗೆ ಹೋದಾಗ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುವುದನ್ನು ಕಂಡು ಕಂಗೆಡುತ್ತಾರೆ. ನೀರು ತಿಳಿಯಾಗಿದೆ; ಆಹಾರಕ್ಕೆ ಕೊರತೆಯಿಲ್ಲ; ಬೆಕ್ಕಾಗಲಿ ಕಾಗೆಯಾಗಲಿ ಹತ್ತಿರ ಸುಳಿದ ಗುರುತಿಲ್ಲ. ಹೀಗಿರುವಾಗ ಮೀನು ಸತ್ತುದೇಕೆ? ಯಾರದೋ ದೃಷ್ಟಿ ತಾಗಿತೆಂದು ಹೇಳಿ ಸುಮ್ಮನಾಗುವವರೂ ಉಂಟು. ವಾಸ್ತವವಾಗಿ ತಿಳಿಯಾಗಿ ಕಾಣುವ ನೀರೆಲ್ಲ ಒಳ್ಳೆಯ ನೀರಲ್ಲ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ಗುಣ ನೀರಿನಲ್ಲಿ ಅಡಗಿದೆ. ಅದೇ ಆಮ್ಲತೆ ಅಥವಾ ಕ್ಷಾರತೆ. ಅದನ್ನು ಅಳೆಯುವ ಅಂಕಕ್ಕೆ ‘ಪಿ.ಎಚ್.’ ಎಂದು ಹೆಸರು. ಈ ಅಂಕವನ್ನು ಹಿಡಿತದಲ್ಲಿಡುವ ಬಗೆಯನ್ನು ಅರಿತವನು ಮೀನನ್ನು ವರ್ಷಗಟ್ಟಲೆ ಸಾಕಬಲ್ಲನು. ಅರಿಯದವನು ಮೀನಿಗೆ ಒಳ್ಳೆಯದನ್ನು ಮಾಡಹೋಗಿ ಅದನ್ನು ಕೊಲ್ಲುವ ಸಂಭವವೂ ಉಂಟು.

ಅಡಿಗೆಮನೆಯ ಪಾಠ

ಹುಣಿಸೆ, ಲಿಂಬೆ, ಹುಳಿಮಜ್ಜಿಗೆ ಇವು ಆಮ್ಲಗಳುಳ್ಳ ಪದಾರ್ಥಗಳು. ಹುಳಿಯೇ ಇವುಗಳ ಗುರುತು. ಸುಣ್ಣದ ತಿಳಿ, ಸಾಬೂನಿನ ನೀರು, ಬೂದಿ ಕಲಸಿದ ನೀರು ಇವು ಕ್ಷಾರಗಳು. ಬೆರಳಿಗೆ ಜಾರುವುದೇ ಇವುಗಳ ಗುರುತು. ಇವನ್ನು ಗುರುತಿಸುವ ಒಂದು ಪರೀಕ್ಷೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಮದುವೆ ಮುಂಜಿಗಳಲ್ಲಿ ಆರತಿಯೆತ್ತುವಾಗ ತಾಯಂದಿರು ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣವನ್ನು ಸೇರಿಸುತ್ತಾರೆ. ಹಳದಿಯ ನೀರು ಕ್ಷಣಾರ್ಧದಲ್ಲಿ ಕೆಂಪಾಗಿ ಓಕುಳಿಯಾಗುತ್ತದೆ. ಅದಕ್ಕೆ ಲಿಂಬೆಯ ರಸವನ್ನು ಸಾಕಷ್ಟು ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನವು ಕ್ಷಾರದಲ್ಲಿ ಕೆಂಪಾಗಿಯೂ ಆಮ್ಲದಲ್ಲಿ ಹಳದಿಯಾಗಿಯೂ ತೋರುತ್ತದೆ. ಹಾಗೆಯೇ ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ತೆಗೆದ ರಸವು ಲಿಂಬೆಯ ಹನಿಗೆ ಕೆಂಪಗೂ, ಸೋಡದ ನೀರಿಗೆ ಹಸುರಾಗಿಯೂ ತಿರುಗುತ್ತದೆ.

ಆದರೆ ಮೀನು ಸಾಕುವವನಿಗೆ ಇಷ್ಟು ಸಾಲದು. ನೀರು ಆಮ್ಲವೋ ಕ್ಷಾರವೋ ಎಂದರಷ್ಟೇ ತೀರದು. ಎಷ್ಟು ಎಂಬುದೂ ತಿಳಿಯಬೇಕು. ಅದಕ್ಕಾಗಿ ಒಂದು ಅಳತೆಗೋಲು ಬೇಕಾಯಿತು.

ಕೋಟಿಯ ಲೆಕ್ಕ

ಆ ಅಳತೆಗೋಲನ್ನು ನಿರ್ಮಿಸಿದವರು ಡೆನ್ಮಾರ್ಕ್ ದೇಶದ ರಸಾಯನಶಾಸ್ತ್ರಜ್ಞರಾದ ಸೋರೆನ್‌ಸೆನ್. ಕೋಪನ್‌ಹೇಗನ್ ನಗರದಲ್ಲಿ ಬಿಯರು ತಯಾರಿಸುವ ಕಾರಖಾನೆಗೆ ಸೇರಿದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಅವರು ಕಿಣ್ವಗಳ ವರ್ತನೆಯನ್ನು ಅಭ್ಯಸಿಸುತ್ತಿದ್ದರು. ಕಿಣ್ವಗಳ ಕೆಲಸವು ದ್ರವದ ಆಮ್ಲತೆಯನ್ನು ಅವಲಂಬಿಸಿರುತ್ತದೆ. ಆ ಆಮ್ಲತೆಯನ್ನು ಸೂಚಿಸುವ ಸಂಖ್ಯೆಗಳಾದರೋ ಬರೆಯಲಿಕ್ಕೇ ತೊಡಕಾಗುವಷ್ಟು ಸಣ್ಣವು. ಆದುದರಿಂದ ಅವರು ೧೯೦೯ರಲ್ಲಿ ಪಿ.ಎಚ್. ಎಂಬ ಸುಲಭವಾದ ಅಂಕವನ್ನು ಬಳಕೆಗೆ ತಂದರು. ಎಚ್ ಎಂಬುದು ಜಲಜನಕದ ಸಂಕೇತ. ನೀರಿನಲ್ಲಿ ವಿದ್ಯುದಂಶವನ್ನು ಹೊತ್ತಿರುವ ಜಲಜನಕದ ಕಣಗಳು, ಅಂದರೆ ಅಯಾನುಗಳು, ಎಷ್ಟಿವೆಯೆಂಬುದೇ ಆಮ್ಲತೆಯ ಅಳತೆ.

ಈ ಲೆಕ್ಕವನ್ನು ತಿಳಿಯಲು ನಮ್ಮ ಲಕ್ಷ, ಕೋಟಿಗಳು ಒಳ್ಳೆಯ ಸಹಾಯಕರು. ಒಂದು ಲೀಟರು ಶುದ್ಧ ನೀರಿನಲ್ಲಿ ಇರುವ ಜಲಜನಕದ ಅಯಾನುಗಳ ತೂಕ ಒಂದು ಗ್ರಾಮಿನ ಕೋಟಿ ಪಾಲಿನಲ್ಲಿ ಒಂದು ಪಾಲು. ಕೋಟಿಯಲ್ಲಿ ಒಂದರ ಮುಂದೆ ಏಳು ಸೊನ್ನೆಗಳು; ಆದುದರಿಂದ ಅದರ ಪಿ.ಎಚ್. ೭. ಇದು ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನಡುವಣ ಸ್ಥಿತಿ. ಅಯಾನುಗಳು ಹೆಚ್ಚಾಗಿ ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಾದರೆ ಸೊನ್ನೆಗಳು ಆರು, ಪಿ.ಎಚ್. ೬. ಲಕ್ಷದಲ್ಲಿ ಒಂದು ಪಾಲಾದರೆ ಪಿ.ಎಚ್. ೫. ಅಂಕವು ಕಡಿಮೆಯಾದಂತೆ ಆಮ್ಲತೆಯು ಹೆಚ್ಚುತ್ತದೆಂಬುದನ್ನೂ, ಒಂದೊಂದು ಅಂಕಕ್ಕೂ ಆಮ್ಲತೆಯು ಹತ್ತು ಪಟ್ಟು ಬದಲಾಗುತ್ತದೆಂಬುದನ್ನೂ ಇಲ್ಲಿ ಗಮನಿಸಬೇಕು. ೭ರಿಂದ ೫ಕ್ಕೆ ಇಳಿದರೆ ಎರಡೇ ಮೆಟ್ಟಿಲೆಂದು ತೋರೀತು. ಆದರೆ ಆಮ್ಲತೆ ನೂರು ಪಟ್ಟು ಏರಿದೆ. ಸಾಮಾನ್ಯವಾಗಿ ಈ ಮಾನವನ್ನು ೦ಯಿಂದ ೧೪ರವರೆಗೆ ಬಳಸುತ್ತಾರೆ. ೭ಕ್ಕಿಂತ ಮೇಲಿನದು ಕ್ಷಾರ.

ಮೀನಿಗೆ ಯಾವ ಅಂಕ ಹಿತ? ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಎಚ್. ಎಸ್. ಸ್ವಿಂಗಲ್ ಎಂಬವರು ಕೊಳಗಳ ನೀರನ್ನು ಕುರಿತು ೧೯೬೧ರಲ್ಲಿ ಪ್ರಕಟಿಸಿದ ಲೇಖನವು ಇಂದಿಗೂ ಮೀನು ಸಾಕುವವರಿಗೆ ಮಾರ್ಗದರ್ಶಕವಾಗಿದೆ. ಬೆಳಗಿನ ಜಾವದಲ್ಲಿ ೬.೫ರಿಂದ ೯ರವರೆಗಿನ ನೀರು ಮೀನಿನ ಬೆಳವಣಿಗೆಗೆ ತಕ್ಕದ್ದು. ಸುಮಾರು ೪ರಲ್ಲಿ ಆಮ್ಲದಿಂದಲೂ ಸುಮಾರು ೧೧ರಲ್ಲಿ ಕ್ಷಾರದಿಂದಲೂ ಮೀನು ಸಾಯುತ್ತದೆ. ಮೀನು ಉಸಿರಾಡುವ ಕಿವಿರುಗಳ ತೆಳುವಾದ ಚರ್ಮವು ಸದಾ ನೀರಿಗೆ ತೆರೆದೇ ಇರುತ್ತದೆ. ಆಮ್ಲವಾಗಲಿ ಕ್ಷಾರವಾಗಲಿ ಮಿತಿಮೀರಿದರೆ ಆ ಚರ್ಮವು ಹಾನಿಗೊಂಡು, ಉಸಿರಾಟಕ್ಕೂ ರಕ್ತದಲ್ಲಿನ ಲವಣಗಳ ಸಮತೂಕಕ್ಕೂ ಕೇಡಾಗುತ್ತದೆ. ಅಲ್ಲದೆ, ತಾನಾಗಿ ಸಹಿಸಬಲ್ಲ ಅಂಕವೇ ಆದರೂ ನಿಮಿಷಗಳಲ್ಲಿ ಬಂದೆರಗಿದರೆ ಮೀನು ಅದಕ್ಕೆ ಹೊಂದಿಕೊಳ್ಳಲಾರದು. ಆದುದರಿಂದ ಮೀನಿಗೆ ಬೇಕಾದುದು ಒಂದು ಸುಂದರವಾದ ಅಂಕವಲ್ಲ, ನಿಲುಗಡೆಯುಳ್ಳ ಅಂಕ.

ಹಗಲಿರುಳಿನ ಏರಿಳಿತ

ಕೊಳದ ನೀರನ್ನು ಬೆಳಿಗ್ಗೆ ಆರು ಗಂಟೆಗೆ ಅಳೆದವನು ೭ ಎಂದೂ, ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಅಳೆದವನು ೮.೫ ಎಂದೂ ಹೇಳಿದರೆ, ಇಬ್ಬರಲ್ಲಿ ಒಬ್ಬನ ಮಾತು ಸುಳ್ಳೆಂದು ಭಾವಿಸಬಾರದು. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು.

ಇದರ ಕಾರಣವು ಇಂಗಾಲಾಮ್ಲ ವಾಯುವಿನಲ್ಲಿದೆ. ಮೀನುಗಳೂ ಪಾಚಿಯೂ ನೀರಿನ ಸೂಕ್ಷ್ಮಜೀವಿಗಳೂ ಹಗಲಿರುಳೆನ್ನದೆ ಉಸಿರಾಡುತ್ತ ಈ ವಾಯುವನ್ನು ನೀರಿಗೆ ಬಿಡುತ್ತಿರುತ್ತವೆ. ಅದು ನೀರಿನೊಡನೆ ಕೂಡಿ ಮೃದುವಾದ ಒಂದು ಆಮ್ಲವಾಗುತ್ತದೆ. ಗೋಲಿ ಸೋಡವನ್ನು ಕುಡಿದಾಗ ನಾಲಗೆಗೆ ತಾಗುವ ಚುರುಕು ಈ ಆಮ್ಲದ್ದೇ. ಹಗಲಿನಲ್ಲಿ ಪಾಚಿಯೂ ಜಲಸಸ್ಯಗಳೂ ಬಿಸಿಲಿನ ಸಹಾಯದಿಂದ ತಮ್ಮ ಆಹಾರವನ್ನು ತಯಾರಿಸಲು ಇಂಗಾಲಾಮ್ಲ ವಾಯುವನ್ನು ಹೀರಿಕೊಳ್ಳುತ್ತವೆ. ನೀರಿನಲ್ಲಿ ಆಮ್ಲವು ಕಡಿಮೆಯಾಗಿ ಪಿ.ಎಚ್. ಏರುತ್ತದೆ. ರಾತ್ರಿಯಲ್ಲಿ ಹೀರುವ ಕೆಲಸ ನಿಂತು, ಬಿಡುವ ಕೆಲಸ ಮಾತ್ರ ನಡೆಯುತ್ತದೆ. ಆಮ್ಲವು ಕೂಡುತ್ತ ಹೋಗಿ ಪಿ.ಎಚ್. ಇಳಿಯುತ್ತದೆ. ಹೀಗೆ ಬೆಳಗಿನ ಜಾವದಲ್ಲಿ ಅತಿ ಕಡಿಮೆಯೂ ಅಪರಾಹ್ಣದಲ್ಲಿ ಅತಿ ಹೆಚ್ಚೂ ಆಗುವುದು ಕೊಳದ ನಿತ್ಯಧರ್ಮ. ಬೆಳಗಿನ ಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಮೊದಲು ಸೂಚಿಸುವುದು ಆಮ್ಲಜನಕದ ಕೊರತೆಯನ್ನು ಎಂಬುದು ನೆನಪಿರಲಿ. ರಾತ್ರಿಯೆಲ್ಲ ಉಸಿರಾಟ ನಡೆದು ಅದೂ ಆ ಹೊತ್ತಿಗೆ ಕರಗಿಹೋಗಿರುತ್ತದೆ.

ಹಾಗಾದರೆ ಒಂದು ಕೊಳದಲ್ಲಿ ಈ ಏರಿಳಿತ ೭.೫ರಿಂದ ೮.೨ರ ನಡುವೆ ಅಡಗಿರುವುದೂ, ಇನ್ನೊಂದರಲ್ಲಿ ೬.೫ರಿಂದ ೯.೫ರವರೆಗೆ ಉಯ್ಯಾಲೆಯಾಡುವುದೂ ಏಕೆ? ಇಲ್ಲಿಯೇ ನಮ್ಮ ವಿಷಯದ ತಿರುಳಿದೆ.

ನೀರಿನ ಇಡುಗಂಟು

ಮಿತವಾದ ವರಮಾನವುಳ್ಳ ಎರಡು ಸಂಸಾರಗಳನ್ನು ಊಹಿಸೋಣ. ಎರಡರ ಖರ್ಚೂ ಒಂದೇ. ಆದರೆ ಒಂದು ಮನೆಯಲ್ಲಿ ಸ್ವಲ್ಪ ಇಡುಗಂಟಿದೆ, ಇನ್ನೊಂದರಲ್ಲಿ ಇಲ್ಲ. ಒಂದು ಆಕಸ್ಮಿಕ ಖರ್ಚು ಬಂದಾಗ ಮೊದಲನೆಯ ಮನೆ ಅದನ್ನು ತಾಳಿಕೊಳ್ಳುತ್ತದೆ, ಎರಡನೆಯದು ತತ್ತರಿಸುತ್ತದೆ. ನೀರಿನಲ್ಲಿಯೂ ಇಂಥ ಇಡುಗಂಟೊಂದಿದೆ. ಕರಗಿರುವ ಬೈಕಾರ್ಬೊನೇಟ್ ಲವಣಗಳೇ ಅದರ ಮುಖ್ಯ ಭಾಗ. ನೀರಿಗೆ ಆಮ್ಲವು ಬಂದು ಬಿದ್ದರೆ ಬೈಕಾರ್ಬೊನೇಟು ಆ ಜಲಜನಕದ ಅಯಾನುಗಳನ್ನು ಹಿಡಿದು, ಇಂಗಾಲಾಮ್ಲ ವಾಯುವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ಹಗಲಿನಲ್ಲಿ ಪಾಚಿಯು ಇಂಗಾಲಾಮ್ಲ ವಾಯುವನ್ನು ಹೀರಿದಾಗ ಅದೇ ಬೈಕಾರ್ಬೊನೇಟಿನಿಂದ ಆ ವಾಯು ಸ್ವಲ್ಪಮಟ್ಟಿಗೆ ಮತ್ತೆ ಹುಟ್ಟುತ್ತದೆ. ಹೀಗೆ ಅಂಕವು ಎರಡು ಕಡೆಗೂ ಹೆಚ್ಚಾಗಿ ವಾಲದಂತೆ ಅದು ತಡೆಯುತ್ತದೆ. ಈ ಶಕ್ತಿಗೆ ಶಾಸ್ತ್ರದಲ್ಲಿ ಕ್ಷಾರತ್ವವೆಂದು ಹೆಸರು. ಅದನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಸುಣ್ಣಕಲ್ಲಿಗೆ ಸಮಾನವೆಂದು ಅಳೆಯುತ್ತಾರೆ. ೨೦ಕ್ಕಿಂತ ಕಡಿಮೆಯಿದ್ದರೆ ನೀರು ಬಡವಾದುದು. ೫೦ರಿಂದ ೧೫೦ರವರೆಗೆ ಇದ್ದರೆ ಮೀನಿನ ಕೊಳಕ್ಕೆ ಹಿತವಾದುದು.

ಪಿ.ಎಚ್. ಮತ್ತು ಕ್ಷಾರತ್ವ ಒಂದೇ ಅಲ್ಲ. ಪಿ.ಎಚ್. ಎಂಬುದು ಈ ಗಳಿಗೆಯ ಸ್ಥಿತಿ. ಕ್ಷಾರತ್ವವೆಂಬುದು ನಾಳೆಯ ಆಸರೆ.

ಈ ಇಡುಗಂಟು ನೀರಿಗೆ ದೊರೆಯುವುದು ನೆಲದಿಂದ. ನಮ್ಮಲ್ಲಿ ಅನೇಕರ ಹಿರಿಯರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಬಂದವರು. ಅಲ್ಲಿಯ ಮುರಕಲ್ಲಿನ ನೆಲದಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಅಲ್ಲಿಯ ಅನೇಕ ಬಾವಿಗಳ ನೀರು ಮೃದುವಾಗಿಯೂ ತುಸು ಆಮ್ಲವಾಗಿಯೂ ಇರುತ್ತದೆ. ಬಾಗಲಕೋಟೆ, ಕಲಬುರಗಿ ಕಡೆಯ ಸುಣ್ಣಕಲ್ಲಿನ ನೆಲದ ಬಾವಿಗಳಲ್ಲಾದರೋ ಗಡಸು ನೀರು. ಅದರಲ್ಲಿ ಬೇಳೆ ಬೇಗನೆ ಬೇಯದು, ಸಾಬೂನು ನೊರೆಯೇಳದು. ಗೃಹಿಣಿಗೆ ಬೇಸರ ತರುವ ಆ ನೀರೇ ಮೀನಿನ ಕೊಳಕ್ಕೆ ತುಂಬಿದ ಬೊಕ್ಕಸ. ಇನ್ನು ನಮ್ಮ ಮುಂಬಯಿಯ ನಳದ ನೀರು ೧೮೬೦ರಲ್ಲಿ ಪೂರ್ತಿಯಾದ ವಿಹಾರ ಸರೋವರ, ೧೮೯೨ರಲ್ಲಿ ಪೂರ್ತಿಯಾದ ತಾನಸಾ, ಆ ಮೇಲಿನ ವೈತರಣಾ, ಭಾತಸಾ ಮೊದಲಾದ ಜಲಾಶಯಗಳಿಂದ ಬರುವಂಥದು. ಇವೆಲ್ಲವೂ ಮಳೆಯ ನೀರನ್ನು ತಡೆದು ನಿಲ್ಲಿಸಿದವು. ಆದುದರಿಂದ ಈ ನೀರು ಮೃದುವಾದುದು. ಕುಡಿಯಲು, ಬಟ್ಟೆಯೊಗೆಯಲು ಉತ್ತಮವಾದರೂ ಕೊಳಕ್ಕೆ ದೊಡ್ಡ ಇಡುಗಂಟನ್ನು ತರಲಾರದು.

ಇಡುಗಂಟು ಕರಗುವ ಬಗೆ

ಈ ಸಂಚಯವು ಎರಡು ದಾರಿಗಳಿಂದ ಸವೆಯುತ್ತದೆ. ಮೊದಲನೆಯದು ಮೀನಿನ ಸಂಸಾರದಿಂದಲೇ. ಮೀನು ವಿಸರ್ಜಿಸುವುದೂ, ಉಳಿದು ಕೊಳೆತ ಆಹಾರದಿಂದ ಹುಟ್ಟುವುದೂ ಅಮೋನಿಯಾ. ಕೊಳದ ಗೋಡೆ, ಕಲ್ಲುಗಳ ಮೇಲೆ ನೆಲೆಸಿರುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದು ಮೀನಿಗೆ ಮಹೋಪಕಾರ. ಆದರೆ ಈ ಕಾರ್ಯದಲ್ಲಿ ಆಮ್ಲವು ಹುಟ್ಟುತ್ತದೆ. ಅಮೋನಿಯಾದಲ್ಲಿರುವ ಒಂದೊಂದು ಗ್ರಾಂ ಸಾರಜನಕಕ್ಕೂ ಸುಮಾರು ೭ ಗ್ರಾಂ ಕ್ಷಾರತ್ವ ವ್ಯಯವಾಗುತ್ತದೆ. ಮೀನುಗಳು ಹೆಚ್ಚಿದಷ್ಟೂ ಆಹಾರ ಹೆಚ್ಚಿದಷ್ಟೂ ಇಡುಗಂಟು ಬೇಗ ಕರಗುತ್ತದೆ.

ಎರಡನೆಯದು ಮಳೆ. ಗಾಳಿಯ ಇಂಗಾಲಾಮ್ಲ ವಾಯುವನ್ನು ಕರಗಿಸಿಕೊಂಡು ಇಳಿಯುವ ಮಳೆಯ ನೀರಿನ ಪಿ.ಎಚ್. ನಿರ್ಮಲವಾದ ಗಾಳಿಯಲ್ಲಿಯೂ ಸುಮಾರು ೫.೬, ಅದರಲ್ಲಿ ಕ್ಷಾರತ್ವವು ಇಲ್ಲವೆಂದೇ ಹೇಳಬೇಕು. ೨ ಮೀಟರು ಉದ್ದ, ಒಂದೂವರೆ ಮೀಟರು ಅಗಲವಿದ್ದು, ೬೦ ಸೆಂಟಿಮೀಟರು ಆಳ ನೀರಿರುವ ಒಂದು ತೊಟ್ಟಿಯನ್ನು ತೆಗೆದುಕೊಳ್ಳೋಣ. ಅದು ಹಿಡಿಯುವ ನೀರು ೧೮೦೦ ಲೀಟರು. ಒಂದು ದಿನ ೧೦೦ ಮಿಲಿಮೀಟರು ಮಳೆ ಸುರಿದರೆ ೩೦೦ ಲೀಟರು ಹೊಸ ನೀರು ಬಿದ್ದು, ಅಷ್ಟೇ ನೀರು ಹೊರಚೆಲ್ಲುತ್ತದೆ. ನೀರು ಚೆನ್ನಾಗಿ ಬೆರೆತರೆ ಇಡುಗಂಟಿನಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಒಂದೇ ದಿನದಲ್ಲಿ ಹೋಯಿತು. ಮುಂಬಯಿಯ ಮಳೆಗಾಲದಲ್ಲಿ ಸಾಮಾನ್ಯವಾಗಿ ೨೦೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅಂದರೆ ಆ ತೊಟ್ಟಿಯ ಮೇಲೆ ೬೦೦೦ ಲೀಟರಿಗೂ ಮಿಕ್ಕಿ, ಅದರ ಗಾತ್ರದ ಮೂರು ಪಟ್ಟಿಗಿಂತ ಹೆಚ್ಚು ನೀರು ಸುರಿಯಿತೆಂದಾಯಿತು! ಆಷಾಢ ಶ್ರಾವಣಗಳಲ್ಲಿ ತೆರೆದ ತೊಟ್ಟಿಯ ಮೀನುಗಳು ಬಳಲುವುದಕ್ಕೆ ಇದೂ ಒಂದು ಕಾರಣ.

ಇಡುಗಂಟು ಕರಗುತ್ತಿರುವಾಗ ಪಿ.ಎಚ್. ಅಂಕವು ಅದನ್ನು ಬೇಗನೆ ತೋರಿಸಿಕೊಡುವುದಿಲ್ಲ. ಗಂಟಿನಲ್ಲಿ ಇನ್ನೂ ಸ್ವಲ್ಪವಿರುವ ತನಕ ಮನೆಯ ಊಟ ಎಂದಿನಂತೆ ನಡೆಯುತ್ತದೆಯಲ್ಲವೇ? ವಾರಗಟ್ಟಲೆ ೭.೨, ೭.೧ ಎಂದು ನಿಂತಿದ್ದ ಅಂಕವು, ಸಂಚಯ ಬರಿದಾದೊಡನೆ ಎರಡು ಮೂರು ದಿನಗಳಲ್ಲಿ ೬ಕ್ಕೂ ಕೆಳಗೆ ಕುಸಿಯಬಹುದು.

ಹೊಸ ತೊಟ್ಟಿಯ ಅಪಾಯ

ಹೊಸದಾಗಿ ಕಟ್ಟಿದ ಸಿಮೆಂಟಿನ ತೊಟ್ಟಿಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯವುಂಟು. ಸಿಮೆಂಟು ಗಟ್ಟಿಯಾಗುವಾಗ ಅದರಲ್ಲಿ ಅರಳಿದ ಸುಣ್ಣವು ಹುಟ್ಟಿ, ನೀರಿಗೆ ಇಳಿಯುತ್ತಿರುತ್ತದೆ. ಆ ನೀರಿನ ಪಿ.ಎಚ್. ೧೦ನ್ನು ಮೀರುವುದುಂಟು. ತೊಟ್ಟಿ ಕಟ್ಟಿ ಮುಗಿದೊಡನೆ ಉತ್ಸಾಹದಿಂದ ತಂದು ಬಿಟ್ಟ ಮೀನುಗಳು ಒಂದೆರಡು ದಿನಗಳಲ್ಲಿ ಸಾಯುವುದು ಇದರಿಂದಲೇ. ತೊಟ್ಟಿಯಲ್ಲಿ ನೀರು ತುಂಬಿ, ಕೆಲವು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿ, ಹೀಗೆ ಎರಡು ಮೂರು ವಾರ ಮಾಡಬೇಕು. ಬಾಳೆಯ ದಿಂಡಿನ ತುಂಡುಗಳನ್ನು ಆ ನೀರಿನಲ್ಲಿ ಕೊಳೆಹಾಕಿ, ಬಳಿಕ ತೊಟ್ಟಿಯನ್ನು ಚೆನ್ನಾಗಿ ತಿಕ್ಕಿ ತೊಳೆಯುವ ರೂಢಿಯೂ ಉಂಟು. ಕೊಳೆಯುವಾಗ ಹುಟ್ಟುವ ಆಮ್ಲಗಳು ಸುಣ್ಣವನ್ನು ಅಡಗಿಸುತ್ತವೆ. ತುಂಬಿಸಿಟ್ಟ ನೀರು ಒಂದು ವಾರವಾದರೂ ೮.೫ನ್ನು ದಾಟದೆ ನಿಂತಿತೆಂದು ಪರೀಕ್ಷಿಸಿ ತಿಳಿದ ಮೇಲೆ ಮೀನನ್ನು ತರತಕ್ಕದ್ದು.

ಅವಸರದ ಉಪಚಾರ

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರೋಣ. ಇಡುಗಂಟು ಬರಿದಾಗಿ ಪಿ.ಎಚ್. ೬ಕ್ಕಿಂತ ಕೆಳಗಿಳಿದ ಒಂದು ಹಳೆಯ ತೊಟ್ಟಿಯಿದೆಯೆಂದು ಭಾವಿಸಿರಿ. ಅಷ್ಟು ಆಮ್ಲವಾದ ನೀರಿನಲ್ಲಿ ಅಮೋನಿಯಾವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮಂದವಾಗುತ್ತವೆ. ಅಮೋನಿಯಾ ನೀರಿನಲ್ಲಿ ಕೂಡುತ್ತ ಹೋಗುತ್ತದೆ. ಆದರೂ ಮೀನುಗಳು ಹೇಗೋ ಬದುಕಿರುತ್ತವೆ. ಏಕೆಂದರೆ ಅಮೋನಿಯಾಕ್ಕೆ ಎರಡು ರೂಪಗಳು. ಆಮ್ಲದ ನೀರಿನಲ್ಲಿ ಅದು ಬಹುಮಟ್ಟಿಗೆ ಅಮೋನಿಯಂ ಎಂಬ ಸೌಮ್ಯವಾದ ಅಯಾನಿನ ರೂಪದಲ್ಲಿರುತ್ತದೆ. ಕ್ಷಾರದ ನೀರಿನಲ್ಲಿ ಕಿವಿರುಗಳ ಮೂಲಕ ಒಳನುಗ್ಗುವ ವಿಷರೂಪವನ್ನು ತಾಳುತ್ತದೆ. ೨೫ ಡಿಗ್ರಿ ಸೆಂಟಿಗ್ರೇಡು ಉಷ್ಣತೆಯ ನೀರಿನಲ್ಲಿ ಒಟ್ಟು ಅಮೋನಿಯಾವನ್ನು ಸಾವಿರ ಪಾಲೆಂದು ಎಣಿಸಿದರೆ, ಪಿ.ಎಚ್. ೭ರಲ್ಲಿ ವಿಷರೂಪದಲ್ಲಿರುವುದು ಸುಮಾರು ೬ ಪಾಲು; ೮ರಲ್ಲಿ ಸುಮಾರು ೫೪ ಪಾಲು; ೯ರಲ್ಲಿಯಾದರೋ ಸುಮಾರು ೩೬೦ ಪಾಲು!

ಈಗ ಆ ತೊಟ್ಟಿಯ ಒಡೆಯನು ನೀರನ್ನು ಪರೀಕ್ಷಿಸಿ, ‘ಅಯ್ಯೋ, ಇಷ್ಟು ಆಮ್ಲವೇ!’ ಎಂದು ಗಾಬರಿಗೊಂಡು, ಒಂದು ಹಿಡಿ ಸುಣ್ಣವನ್ನು ತಂದು ಸುರಿಯುತ್ತಾನೆ. ಅಂಕವು ಗಂಟೆಯೊಳಗೆ ೯ಕ್ಕೆ ಏರುತ್ತದೆ. ಅಷ್ಟು ದಿನ ಸೌಮ್ಯವಾಗಿ ಮಲಗಿದ್ದ ಅಮೋನಿಯಾದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ವಿಷವಾಗಿ ಎದ್ದು ನಿಲ್ಲುತ್ತದೆ. ಸಂಜೆಯೊಳಗೆ ಮೀನುಗಳು ಸಾಯುತ್ತವೆ. ನೀರಿನ ದೋಷವು ತಾನಾಗಿ ಕೊಲ್ಲದೆ ಬಿಟ್ಟಿದ್ದ ಮೀನನ್ನು ಅವಸರದ ಉಪಚಾರವು ಕೊಂದಿತು. ಅಂಕವನ್ನೇ ಬೆನ್ನಟ್ಟಿ ಓಡುವುದರ ಕೇಡು ಇದು.

ಹಾಗೆಯೇ ಅಪರಾಹ್ಣದಲ್ಲಿ ಅಂಕವು ಏರಿದೆಯೆಂದು ಲಿಂಬೆಯ ರಸವನ್ನೋ ಇನ್ನಾವುದಾದರೂ ಆಮ್ಲವನ್ನೋ ಸುರಿಯುವುದೂ ತಪ್ಪು. ರಾತ್ರಿ ತಾನಾಗಿ ಇಳಿಯಲಿದ್ದ ಅಂಕವನ್ನು ಇಳಿಸಲು ಹೋಗಿ ಅವನು ಇಡುಗಂಟನ್ನು ಕರಗಿಸಿದಂತಾಯಿತು. ಮರುದಿನದ ಏರಿಳಿತವು ಇನ್ನೂ ಹೆಚ್ಚಾದೀತು.

ಮಾಡಬೇಕಾದುದೇನು?

ಮೊದಲನೆಯದಾಗಿ, ಆಮ್ಲಕ್ಕೆ ತಿರುಗಿದ ನೀರನ್ನು ನಿಧಾನವಾಗಿ ಸರಿಪಡಿಸಬೇಕು. ಎರಡು ದಿನ ಆಹಾರವನ್ನು ನಿಲ್ಲಿಸಿ, ತಳದ ಕಸವನ್ನು ತೆಗೆದು, ದಿನಕ್ಕೆ ಎಂಟರಲ್ಲಿ ಒಂದು ಪಾಲಿನಷ್ಟು ನೀರನ್ನು ಬದಲಿಸುತ್ತ ಅಮೋನಿಯಾವನ್ನು ಕಡಿಮೆ ಮಾಡಿಕೊಳ್ಳಬೇಕು. ನಳದ ನೀರಿನಲ್ಲಿರುವ ಕ್ಲೋರಿನ್ ಮೀನಿನ ಕಿವಿರಿಗೆ ಹಾನಿಕರ. ಆದುದರಿಂದ ಆ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಿಕ ಹಾಕಬೇಕು.

ಎರಡನೆಯದಾಗಿ, ಇಡುಗಂಟನ್ನು ತುಂಬಬೇಕು. ಇದಕ್ಕೆ ಅಡಿಗೆ ಸೋಡವೇ ಸಾಕು. ಅದು ಸೋಡಿಯಂ ಬೈಕಾರ್ಬೊನೇಟ್. ಸಾವಿರ ಲೀಟರು ನೀರಿಗೆ ೧೭ ಗ್ರಾಂ ಹಾಕಿದರೆ ಕ್ಷಾರತ್ವವು ಲೀಟರಿಗೆ ೧೦ ಮಿಲಿಗ್ರಾಮಿನಷ್ಟು ಏರುತ್ತದೆ. ಮೇಲೆ ಹೇಳಿದ ೧೮೦೦ ಲೀಟರಿನ ತೊಟ್ಟಿಗೆ ಒಂದು ಸಲಕ್ಕೆ ೩೦ ಗ್ರಾಂ. ಅದನ್ನು ಬಕೇಟು ನೀರಿನಲ್ಲಿ ಕರಗಿಸಿ, ದಿನಕ್ಕೊಮ್ಮೆ ಸುತ್ತಲೂ ಸಿಂಪಡಿಸುತ್ತ ಮೂರು ದಿನಗಳಲ್ಲಿ ೩೦ ಮಿಲಿಗ್ರಾಂ ಏರಿಸಬಹುದು. ಬಟ್ಟೆಯೊಗೆಯುವ ಸೋಡವು ಬೇರೆಯೇ ಪದಾರ್ಥ. ಅದರ ಕ್ಷಾರವು ತೀವ್ರವಾದುದು. ಹೆಸರು ಹತ್ತಿರವೆಂದು ಒಂದರ ಬದಲು ಇನ್ನೊಂದನ್ನು ಹಾಕತಕ್ಕದ್ದಲ್ಲ.

ಮೂರನೆಯದಾಗಿ, ಇಡುಗಂಟು ತಾನಾಗಿ ತುಂಬುತ್ತಿರುವಂತೆ ಏರ್ಪಡಿಸಬೇಕು. ಸಮುದ್ರದ ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಒಣಗಿಸಿ, ಜಜ್ಜಿ, ಬಲೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ತೂಗಬಿಡಬಹುದು. ಚಿಪ್ಪು ಎಂಬುದು ಸುಣ್ಣಕಲ್ಲಿನ ಜಾತಿಯದೇ. ನೀರು ಆಮ್ಲವಾದಾಗ ಅದು ಮೆಲ್ಲಗೆ ಕರಗುತ್ತದೆ, ಪಿ.ಎಚ್. ಸುಮಾರು ೮ನ್ನು ದಾಟಿದ ಮೇಲೆ ಕರಗುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಎಷ್ಟು ಬೇಕೋ ಅಷ್ಟನ್ನೇ ಕೊಡುವ ಜಾಣತನ ಅದರದು. ಆದರೆ ಅದೇ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ನೀರು ಹಾಕಿ ಅರಳಿಸಿದರೆ ಎಲೆಯಡಿಕೆಗೆ ಹಚ್ಚುವ ಸುಣ್ಣವಾಗುತ್ತದೆ. ಅದರ ತಿಳಿನೀರಿನ ಪಿ.ಎಚ್. ೧೨ಕ್ಕೂ ಮೇಲೆ. ಸುಡದ ಚಿಪ್ಪು ಮೀನಿಗೆ ಮಿತ್ರ. ಸುಟ್ಟ ಚಿಪ್ಪಿನ ಸುಣ್ಣ ಶತ್ರು. ಮೀನು ಸಾಕಣೆಗಾರರು ಸುಟ್ಟ ಸುಣ್ಣವನ್ನು ಬಳಸುವುದುಂಟು; ಅದು ನೀರನ್ನೆಲ್ಲ ಬಸಿದು ಬತ್ತಿಸಿದ ಕೊಳದ ತಳವನ್ನು ಶುದ್ಧಿ ಮಾಡಲು.

ನಾಲ್ಕನೆಯದಾಗಿ, ಹಗಲಿನ ಏರಿಕೆಯನ್ನು ಆಮ್ಲದಿಂದಲ್ಲ, ನೆರಳಿನಿಂದ ತಡೆಯಬೇಕು. ತೊಟ್ಟಿಯ ಅರ್ಧಭಾಗಕ್ಕೆ ಬಿಸಿಲು ಬೀಳದಂತೆ ಚಪ್ಪರ ಹಾಕಿದರೆ, ಇಲ್ಲವೆ ನೈದಿಲೆಯಂಥ ಎಲೆ ಹರಡುವ ಸಸ್ಯವನ್ನು ಬೆಳೆಸಿದರೆ ಪಾಚಿಯ ಬೆಳವಣಿಗೆಗೆ ಕಡಿವಾಣ ಬೀಳುತ್ತದೆ. ಮಳೆಗಾಲದಲ್ಲಿ ಅದೇ ಚಪ್ಪರಕ್ಕೆ ತಗಡನ್ನು ಹೊದಿಸಿ ಮಳೆಯ ನೀರನ್ನು ಹೊರಕ್ಕೆ ಹರಿಯಿಸಬಹುದು. ನೀರನ್ನು ಸಣ್ಣ ಪಂಪಿನಿಂದ ಮೇಲೆತ್ತಿ ಧುಮುಕಿಸಿದರೆ ಹೆಚ್ಚಿನ ಇಂಗಾಲಾಮ್ಲ ವಾಯು ಹೊರಟುಹೋಗಿ ಆಮ್ಲಜನಕವು ಸೇರುತ್ತದೆ.

ಐದನೆಯದಾಗಿ, ಹೊಸ ಮೀನನ್ನು ತಂದಾಗ ಅದರ ಚೀಲವನ್ನು ಕಾಲು ಗಂಟೆ ಕೊಳದಲ್ಲಿ ತೇಲಬಿಟ್ಟು, ಅನಂತರ ಕೊಳದ ನೀರನ್ನು ಬೊಗಸೆ ಬೊಗಸೆಯಾಗಿ ಚೀಲಕ್ಕೆ ಸೇರಿಸುತ್ತ ಬಂದು, ಕೊನೆಯಲ್ಲಿ ಮೀನನ್ನು ಮಾತ್ರ ಬಿಡಬೇಕು. ಅಂಗಡಿಯ ನೀರೂ ನಮ್ಮ ನೀರೂ ಒಂದೇ ಗುಣದವೆಂದು ತಿಳಿಯಲಾಗದು.

ಎರಡು ಹೊತ್ತಿನ ಲೆಕ್ಕ

ಇವೆಲ್ಲಕ್ಕೂ ಆಧಾರವೆಂದರೆ ಅಳತೆ. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಪಿ.ಎಚ್. ತಿಳಿಸುವ ಹನಿದ್ರಾವಣವೂ, ಕ್ಷಾರತ್ವವನ್ನಳೆಯುವ ಹನಿದ್ರಾವಣವೂ, ಅಮೋನಿಯಾದ ಪರೀಕ್ಷಾ ಸಾಮಗ್ರಿಯೂ ದೊರೆಯುತ್ತವೆ. ಅಂಕವನ್ನು ನೇರವಾಗಿ ತೋರಿಸುವ ಸಣ್ಣ ವಿದ್ಯುನ್ಮಾಪಕಗಳೂ ಇವೆ. ಅವನ್ನು ಆಗಾಗ ಗೊತ್ತಾದ ಅಂಕದ ದ್ರಾವಣದಲ್ಲಿ ಅದ್ದಿ ಸರಿಪಡಿಸಿಕೊಳ್ಳದಿದ್ದರೆ ಅವು ತಪ್ಪು ಹೇಳುತ್ತವೆ.

ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ದಿನಾಂಕ, ಬೆಳಗಿನ ಅಂಕ, ಅಪರಾಹ್ಣದ ಅಂಕ, ನೀರಿನ ಉಷ್ಣತೆ, ಮಳೆ, ಹಾಕಿದ ಆಹಾರ, ಮೀನಿನ ನಡತೆ ಎಂಬ ಕಾಲಂಗಳನ್ನು ಗೀಚಿಕೊಂಡು, ಸರದಿಯ ಮೇಲೆ ಬರೆಯುತ್ತ ಬರಲಿ. ವಾರದಲ್ಲಿ ಎರಡು ದಿನ ಎರಡೆರಡು ಹೊತ್ತು ಬರೆದರೂ ಸಾಕು. ಎರಡು ಹೊತ್ತಿನ ಅಂಕಗಳ ಅಂತರವು ವಾರದಿಂದ ವಾರಕ್ಕೆ ಹಿಗ್ಗುತ್ತಿದ್ದರೆ ಪಾಚಿ ಹೆಚ್ಚುತ್ತಿದೆ, ಇಲ್ಲವೆ ಇಡುಗಂಟು ಕರಗುತ್ತಿದೆಯೆಂದು ತಿಳಿಯಬೇಕು. ಮೀನು ಬಳಲುವುದಕ್ಕೆ ಮೊದಲೇ ಪುಸ್ತಕವು ಈ ಎಚ್ಚರಿಕೆಯನ್ನು ಕೊಡುತ್ತದೆ. ಮೀನಿಗೆ ಬಾಯಿಲ್ಲ, ಅದರ ಪರವಾಗಿ ಮಾತಾಡಬಲ್ಲುದು ಈ ಅಂಕಗಳ ಸಾಲೊಂದೇ.

ಈ ವಿಷಯದಲ್ಲಿ ಆಸಕ್ತಿ ಹುಟ್ಟಿದವರಿಗೆ ಮುಂದಿನ ದಾರಿಯೂ ನಮ್ಮ ನಗರದಲ್ಲಿಯೇ ಇದೆ. ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯು ೧೯೬೧ರಲ್ಲಿ ಮುಂಬಯಿಯಲ್ಲಿಯೇ ಸ್ಥಾಪನೆಗೊಂಡು, ಇಂದು ವರ್ಸೋವಾದಲ್ಲಿ ಮೀನು ಸಾಕಣೆಯ ಶಾಸ್ತ್ರವನ್ನು ಉನ್ನತ ಮಟ್ಟದಲ್ಲಿ ಬೋಧಿಸುತ್ತಿದೆ. ಅಲ್ಲಿಗೆ ಹೋಗುವ ಕಾಲ ಬರುವ ತನಕ ನಾಲ್ಕು ಗಪ್ಪಿಗಳ ತೊಟ್ಟಿಯೂ ಒಂದು ಒಳ್ಳೆಯ ಪಾಠಶಾಲೆಯೇ. ಅದರ ಅಂಕವು ಇಂದು ಎಷ್ಟಿದೆಯೆಂಬುದನ್ನು ಮಾತ್ರ ನೋಡಿ ತೃಪ್ತರಾಗದೆ, ನಾಳೆಯೂ ಅಷ್ಟೇ ಇರಲು ನೀರಿನಲ್ಲಿ ಏನು ಉಳಿದಿದೆಯೆಂದು ಕೇಳುವವನ ಮೀನು ಬಾಳುತ್ತದೆ.